ಮನೆಗೆ ಮುನ್ನ ನೆಲ: ಕಾಸರಗೋಡು ಸೀಮೆಯಲ್ಲಿ ನಿವೇಶನ ಹದಗೊಳಿಸಿದ ಚರಿತ್ರೆ

ಕಡಲಂಚಿನ ಮರಳುಪಟ್ಟಿಯನ್ನು ಬಿಟ್ಟರೆ ಕಾಸರಗೋಡು ಸೀಮೆಯಲ್ಲಿ ಸಮತಟ್ಟಾದ ನೆಲ ತಾನಾಗಿ ದೊರೆಯುವುದು ಎರಡೇ ಕಡೆ. ಒಂದು, ಗುಡ್ಡಗಳ ನೆತ್ತಿಯಲ್ಲಿ ಹರಡಿಕೊಂಡ ಪದವು. ಇನ್ನೊಂದು, ಗುಡ್ಡಗಳ ನಡುವಿನ ಬೈಲು. ಪದವಿನಲ್ಲಿ ಮಳೆ ನಿಂತ ಕೆಲವೇ ವಾರಗಳಲ್ಲಿ ನೀರು ಆರಿಹೋಗುತ್ತದೆ. ಬೈಲು ಅನ್ನ ಕೊಡುವ ಗದ್ದೆಯಾದುದರಿಂದ ಅದನ್ನು ಕೆಡಿಸುವಂತಿಲ್ಲ. ಆದ್ದರಿಂದ ನಮ್ಮ ಹಿರಿಯರು ಮನೆ ಕಟ್ಟಿದ್ದು ಇವೆರಡರ ನಡುವಣ ಇಳಿಜಾರಿನಲ್ಲಿ: ಬೆನ್ನಿಗೆ ಗುಡ್ಡ, ಎದುರಿಗೆ ಅಡಿಕೆ ತೋಟ, ಅದರ ಕೆಳಗೆ ಗದ್ದೆ. ಇಳಿಜಾರಿನಲ್ಲಿ ಮನೆ ಏಳಬೇಕಾದರೆ ಮೊದಲು ನೆಲವನ್ನು ಕಡಿಯಬೇಕು, ತುಂಬಬೇಕು, ಮಟ್ಟ ಮಾಡಬೇಕು. ಮನೆಗಳ ಮಾಡು, ಕಂಬ, ಕೆತ್ತನೆಗಳನ್ನು ಕುರಿತು ಸಾಕಷ್ಟು ಬರೆಹಗಳು ಬಂದಿವೆ. ಮನೆಗೆ ಮುನ್ನ ನಡೆದ ಈ ಮಣ್ಣಿನ ಕೆಲಸದ ಚರಿತ್ರೆಯನ್ನು ಬರೆದವರು ವಿರಳ. ಪ್ರತಿ ಮಳೆಗಾಲದಲ್ಲೂ ಎಲ್ಲೋ ಒಂದೆಡೆ ಮನೆಯ ಹಿಂದಿನ ಬರೆ ಜರಿದ ಸುದ್ದಿಯನ್ನು ಓದುವ ಈ ದಿನಗಳಲ್ಲಿ ಆ ಚರಿತ್ರೆಯನ್ನು ಅರಿತುಕೊಳ್ಳುವುದು ಕೇವಲ ಕುತೂಹಲದ ಮಾತಲ್ಲ.

ಮುರಕಲ್ಲಿನ ಸ್ವಭಾವ

ಈ ನೆಲದ ಮುಖ್ಯ ದ್ರವ್ಯ ಮುರಕಲ್ಲು. 1800-01ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಮೈಸೂರು, ಮಲಬಾರ್ ಮತ್ತು ಕೆನರಾ ಪ್ರಾಂತ್ಯಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಇದನ್ನು ಕಂಡು ವಿವರವಾಗಿ ಬರೆದನು. ನೆಲದೊಳಗೆ ಇರುವಾಗ ಕಬ್ಬಿಣದ ಹತ್ಯಾರಿನಿಂದ ಸುಲಭವಾಗಿ ಕಡಿಯಬಹುದಾದ ಈ ಕಲ್ಲು, ಹೊರಗೆ ತೆಗೆದು ಗಾಳಿಗೊಡ್ಡಿದ ಬಳಿಕ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಆತ ಗಮನಿಸಿದನು. ಆ ಊರಿನವರು ಅದನ್ನು ಇಟ್ಟಿಗೆಕಲ್ಲು ಎಂದು ಕರೆಯುತ್ತಿದ್ದುದನ್ನು ದಾಖಲಿಸಿ, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಪದದಿಂದ 'ಲ್ಯಾಟರೈಟ್' ಎಂಬ ಹೆಸರನ್ನು ರೂಪಿಸಿದನು. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಇಂದು ಜಗತ್ತಿನ ಭೂವಿಜ್ಞಾನವೆಲ್ಲ ಬಳಸುವ ಶಬ್ದದ ಬೇರು ನಮ್ಮ ನೆರೆಯ ಕಲ್ಲುಕುಟಿಗರ ಮಾತಿನಲ್ಲಿದೆ.

ಬುಕಾನನ್ ಹೊಸದಾಗಿ ಕಂಡದ್ದು ಈ ನಾಡಿಗೆ ಹೊಸದಾಗಿರಲಿಲ್ಲ. ಕೆಳದಿಯ ಶಿವಪ್ಪನಾಯಕನ ಕಾಲದ ಬೇಕಲ ಕೋಟೆ 17ನೆಯ ಶತಮಾನದಲ್ಲೇ ಇದೇ ಕಲ್ಲಿನಿಂದ ಎದ್ದಿತ್ತು. ಅದಕ್ಕೂ ಹಿಂದೆ, ಎರಡು ಸಾವಿರ ವರ್ಷಗಳಷ್ಟು ಹಳೆಯ ಕಬ್ಬಿಣಯುಗದ ಜನರು ಮಲಬಾರಿನಿಂದ ನಮ್ಮ ಜಿಲ್ಲೆಯವರೆಗೆ ಮುರಕಲ್ಲನ್ನು ಕೊರೆದು, ಗುಮ್ಮಟದಂಥ ಒಳಮಾಳಿಗೆಯುಳ್ಳ ಶವಸಂಸ್ಕಾರದ ಗುಹೆಗಳನ್ನು ಮಾಡಿದ್ದರು. ಇಂಥ ಗುಹೆಗಳಲ್ಲಿ ಹಲವು ಬೆಳಕಿಗೆ ಬಂದುದು ಮನೆಗೋ ರಸ್ತೆಗೋ ನೆಲ ಸಮತಟ್ಟು ಮಾಡುವಾಗ. ಗುದ್ದಲಿ ಟೊಳ್ಳಿಗೆ ತಾಗಿದೊಡನೆ ಕೈಗೆ ತಿಳಿಯುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ಯಂತ್ರದ ಹಲ್ಲಿಗೆ ಅಂಥ ಅರಿವಿಲ್ಲ. ಮಡಕೆ ಚೂರುಗಳು ಲಾರಿಯ ಮಣ್ಣಿನೊಡನೆ ಹೊರಟುಹೋಗುತ್ತವೆ. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಆದರೆ ಮಡಕೆ ಚೂರನ್ನು ನಿಧಿಯೆಂದು ಗುರುತಿಸಲು ನೋಡುವ ಕಣ್ಣು ಬೇಕು.

ಮುರಕಲ್ಲಿನ ಗುಡ್ಡ ಒಳಗೆಲ್ಲ ಒಂದೇ ರೀತಿ ಇರುವುದಿಲ್ಲ ಎಂಬುದು ಮುಖ್ಯವಾದ ಮಾತು. ಮೇಲೆ ಗಟ್ಟಿಯಾದ ಪಾರೆ. ಅದರ ಕೆಳಗೆ ಕಡಿಯಲು ಬರುವ ಮುರ. ಇನ್ನೂ ಕೆಳಗೆ ಬಿಳಿ, ಹಳದಿ, ನೇರಳೆ ಛಾಯೆಗಳ ನುಣುಪಾದ ಶೇಡಿಮಣ್ಣು. ಶೇಡಿ ಒಣಗಿದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದಾಗ ಬಲಗುಂದಿ ಜಾರುತ್ತದೆ. ಮೇಲಿನ ಪಾರೆ ಅದಕ್ಕೆ ಕೊಡೆಯೂ ಹೌದು, ಚಿಪ್ಪೂ ಹೌದು. ಪಾರೆಯನ್ನು ಕಿತ್ತು ಶೇಡಿಯನ್ನು ಬಯಲಿಗೆ ತೆರೆದರೆ, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಏನಾಗುವುದೆಂದು ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಕಡಿದ ಬರೆ ಗಟ್ಟಿಯಾಗಿ ಕಾಣುವುದೇ ಅಪಾಯದ ಮೂಲ.

ಬಾವಿ ಮೊದಲು, ಮನೆ ಆಮೇಲೆ

ಹಿಂದಿನವರ ಕ್ರಮದಲ್ಲಿ ನಿವೇಶನದ ಕೆಲಸ ಬಾವಿಯಿಂದ ಆರಂಭವಾಗುತ್ತಿತ್ತು. ಕಟ್ಟಡಕ್ಕೆ ನೀರು ಬೇಕೆಂಬುದು ಇದಕ್ಕೆ ಎದ್ದು ಕಾಣುವ ಕಾರಣ. ಬಾವಿಯಿಂದ ಬಂದ ಮಣ್ಣು ಅಂಗಳ ಎತ್ತರಿಸಲು ಒದಗುತ್ತಿತ್ತು, ಕಲ್ಲು ಗೋಡೆಗೆ ಬರುತ್ತಿತ್ತು. ಇದಕ್ಕಿಂತ ದೊಡ್ಡ ಪ್ರಯೋಜನ ಇನ್ನೊಂದಿತ್ತು. ಕೋಲು ಕೋಲಾಗಿ ಇಳಿಯುವ ಬಾವಿ ಆ ನೆಲದ ಒಳಗನ್ನು ಬಿಚ್ಚಿ ತೋರಿಸುತ್ತಿತ್ತು: ಪಾರೆ ಎಷ್ಟು ದಪ್ಪ, ಮುರ ಎಲ್ಲಿಯವರೆಗೆ, ಶೇಡಿ ಎಲ್ಲಿಂದ, ನೀರು ಯಾವ ಪಕ್ಕದಿಂದ ಒಸರುತ್ತದೆ. ಸುಮಾರು 72 ಸೆಂಟಿಮೀಟರಿನ ಒಂದು ಕೋಲಿನ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ಬಾವಿ ತೋಡುವವನು, ಇಂದು ಎಂಜಿನಿಯರರು ಕೊಳವೆ ಇಳಿಸಿ ಮಾಡುವ ಮಣ್ಣಿನ ಪರೀಕ್ಷೆಯನ್ನು ತನ್ನ ಹಾರೆಯಿಂದಲೇ ಮಾಡಿ ಮುಗಿಸುತ್ತಿದ್ದನು. ಮನೆಯ ಜಾಗವನ್ನು ಹತ್ತು ಅಡಿ ಅತ್ತಿತ್ತ ಸರಿಸುವ ಅವಕಾಶ ಆಗ ಇನ್ನೂ ಉಳಿದಿರುತ್ತಿತ್ತು.

ಬಾಯಾರು, ಎಣ್ಮಕಜೆ ಮುಂತಾದ ಕಡೆಗಳಲ್ಲಿ ಬಾವಿಯ ಜೊತೆಗೆ, ಕೆಲವೆಡೆ ಬಾವಿಯ ಬದಲಿಗೆ, ಸುರಂಗವಿತ್ತು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರಕ್ಕೆ ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಈ ದಾರಿಗಳಿಂದ ನೀರು ಒಸರಿ, ಹರಿದು, ಮನೆಯ ಬಳಿಯ ಕೆರೆಗೆ ಬೀಳುತ್ತಿತ್ತು. ಎಷ್ಟೋ ಕಡೆ ಇಂದಿಗೂ ಬೀಳುತ್ತಿದೆ. ಸುರಂಗ ಕೊರೆಯಬಲ್ಲವನು ಗಿಡಮರಗಳನ್ನೂ ಹುತ್ತಗಳನ್ನೂ ಮಣ್ಣಿನ ತೇವವನ್ನೂ ನೋಡಿ ಗುಡ್ಡದೊಳಗಣ ನೀರಿನ ದಾರಿಯನ್ನು ಊಹಿಸುತ್ತಿದ್ದನು. ಹುತ್ತವನ್ನು ನೀರಿನ ಕುರುಹೆಂದು ಎಣಿಸುವ ಪದ್ಧತಿ ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಇದೆ.

ಅದೇ ಗ್ರಂಥದ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ನೆಲದ ಪರೀಕ್ಷೆಯೊಂದನ್ನು ಹೇಳಿದೆ. ಮೊಳದಷ್ಟು ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಆ ನೆಲ ಮನೆಗೆ ಯೋಗ್ಯವಲ್ಲ. ಇದನ್ನು ಬರಿಯ ನಂಬಿಕೆಯೆಂದು ತಳ್ಳಿಹಾಕುವವರು ಒಂದು ಕ್ಷಣ ಯೋಚಿಸಬೇಕು. ಒತ್ತಾಗಿ ಕುಳಿತ ಮಣ್ಣನ್ನು ಅಗೆದಾಗ ಅದು ಸಡಿಲಗೊಂಡು ಉಬ್ಬುತ್ತದೆ. ಆದ್ದರಿಂದಲೇ ಗುಂಡಿ ತುಂಬಿ ಮಿಗುತ್ತದೆ. ಮೊದಲೇ ಪೊಳ್ಳಾಗಿದ್ದ ನೆಲದ ಮಣ್ಣು ತುಂಬುವಾಗ ಅದುಮಿಕೊಂಡು ಕಡಿಮೆ ಬೀಳುತ್ತದೆ. ಅಂದರೆ ಈ ಗುಂಡಿ ಅಳೆಯುವುದು ನೆಲದ ಸಾಂದ್ರತೆಯನ್ನು. ಮಣ್ಣಿನ ಯಂತ್ರಶಾಸ್ತ್ರಕ್ಕೆ ಅಡಿಪಾಯ ಹಾಕಿದ ಕಾರ್ಲ್ ಟೆರ್ಜಾಗಿಯ ಜರ್ಮನ್ ಗ್ರಂಥ ಪ್ರಕಟವಾದುದು 1925ರಲ್ಲಿ. ಮಣ್ಣನ್ನು ಎಷ್ಟು ತೇವದಲ್ಲಿ ಗುದ್ದಿದರೆ ಅತಿ ಹೆಚ್ಚು ಬಿಗಿಯಾಗುತ್ತದೆಂಬುದನ್ನು ಅಮೆರಿಕದ ಪ್ರಾಕ್ಟರ್ ಎಂಬ ಎಂಜಿನಿಯರು ನಿರೂಪಿಸಿದ್ದು 1933ರಲ್ಲಿ. ಹಿಡಿ ಮಣ್ಣನ್ನು ಉಂಡೆ ಕಟ್ಟಿ, ಅದು ಒಡೆಯದೆ, ಕೈಗೂ ಮೆತ್ತದೆ ನಿಂತಾಗ ದಿಮ್ಮಸು ಹಾಕಲು ಹೇಳುವ ಮೇಸ್ತ್ರಿಗೆ ಪ್ರಾಕ್ಟರನ ಹೆಸರು ಗೊತ್ತಿಲ್ಲದಿದ್ದರೂ ಆತನ ಸಿದ್ಧಾಂತ ಗೊತ್ತಿತ್ತು.

ಕುತ್ತಿಪೂಜೆಯಾದ ಮೇಲೆ ಮೂಲೆ ಹಿಡಿಯುವ ಕೆಲಸ. ಹಗ್ಗದಲ್ಲಿ ಮೂರು, ನಾಲ್ಕು, ಐದು ಅಳತೆಗಳ ತ್ರಿಕೋನ ಮಾಡಿ ಲಂಬಕೋನ ಪಡೆಯುವುದನ್ನು ಇಂದಿಗೂ ಮೇಸ್ತ್ರಿಗಳು ಮಾಡುತ್ತಾರೆ. ಶಾಲೆಯಲ್ಲಿ ನಾವು ಪೈಥಾಗೊರಸನ ಹೆಸರಿನಲ್ಲಿ ಕಲಿಸುವ, ಬೌಧಾಯನ ಶುಲ್ಬಸೂತ್ರದಲ್ಲಿ ಹಗ್ಗದ ಅಳತೆಯಾಗಿಯೇ ಬರುವ ತತ್ತ್ವವದು. ಅನಂತರ ಗಟ್ಟಿ ನೆಲ ಸಿಗುವವರೆಗೆ ಅಗೆದು ಪಂಚಾಂಗ ಹಾಕುವುದು. ನಮ್ಮ ಕಡೆ ಅಡಿಪಾಯಕ್ಕೆ ಪಂಚಾಂಗವೆಂಬ ಹೆಸರಿದೆಯೆಂದು ತಿಳಿಯದ ಹೊರಗಿನವರು ಗೋಡೆಗೆ ತಿಥಿ ನಕ್ಷತ್ರವೇಕೆ ಎಂದು ಬೆರಗಾಗುವುದುಂಟು! ಪಂಚಾಂಗದ ಒಳಗೆ ಮಣ್ಣನ್ನು ಒಮ್ಮೆಗೇ ಸುರಿಯದೆ ಪದರ ಪದರವಾಗಿ ತುಂಬಿ, ನೀರು ಚಿಮುಕಿಸಿ, ದಿಮ್ಮಸು ಹಾಕುತ್ತಿದ್ದರು. ಅವಸರವಿಲ್ಲದವರು ಒಂದು ಮಳೆಗಾಲ ಕಾಯುತ್ತಿದ್ದರು. ಮಳೆಯೇ ಮಣ್ಣನ್ನು ಕೂರಿಸುತ್ತಿತ್ತು. ಜೊತೆಗೆ ನೀರು ಎಲ್ಲಿಂದ ಬಂದು ಎಲ್ಲಿ ಇಳಿಯುತ್ತದೆಂಬುದನ್ನು ತೋರಿಸಿಕೊಡುತ್ತಿತ್ತು. ಅದನ್ನು ನೋಡಿಯೇ ಮನೆಯ ಹಿಂದೆ, ಬರೆಗೂ ಗೋಡೆಗೂ ನಡುವೆ, ಕಣಿ ತೋಡುತ್ತಿದ್ದರು.

ಒಂದು ಲೆಕ್ಕ

ಅಧ್ಯಾಪಕನ ಅಭ್ಯಾಸಬಲದಿಂದ ಇಲ್ಲೊಂದು ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ನಾಲ್ಕು ಅಡಿಗೆ ಒಂದು ಅಡಿ ಇಳಿಯುವ ಗುಡ್ಡದಲ್ಲಿ, ಇಳಿಜಾರಿನ ದಿಕ್ಕಿಗೆ 40 ಅಡಿ, ಅಡ್ಡಕ್ಕೆ 50 ಅಡಿಯ ಮಟ್ಟವಾದ ಜಾಗ ಬೇಕೆಂದು ಇಟ್ಟುಕೊಳ್ಳೋಣ. ಕೆಳಗಿನ ಅಂಚಿನ ಮಟ್ಟಕ್ಕೆ ಇಡೀ ಜಾಗವನ್ನು ಕಡಿದರೆ ಹಿಂದೆ 10 ಅಡಿಯ ಬರೆ ನಿಲ್ಲುತ್ತದೆ. ತೆಗೆಯಬೇಕಾದ ಮಣ್ಣು 10,000 ಘನ ಅಡಿ. ಹಿಂದಿನ ಅರ್ಧವನ್ನು ಕಡಿದು ಮುಂದಿನ ಅರ್ಧಕ್ಕೆ ತುಂಬಿದರೆ ಬರೆಯ ಎತ್ತರ 5 ಅಡಿ. ಮಣ್ಣು 2,500 ಘನ ಅಡಿ. ಅದೇ ಜಾಗವನ್ನು 20 ಅಡಿಯ ಎರಡು ತಟ್ಟುಗಳಾಗಿ ಮಾಡಿದರೆ ಪ್ರತಿ ಬರೆ ಎರಡೂವರೆ ಅಡಿ; ಒಟ್ಟು ಮಣ್ಣು 1,250 ಘನ ಅಡಿ. ಸಡಿಲಾದ ಮಣ್ಣು ಉಬ್ಬುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಮೊದಲನೆಯ ವಿಧಾನಕ್ಕೂ ಕೊನೆಯದಕ್ಕೂ ಎಂಟು ಪಟ್ಟು ಅಂತರವಿದೆ.

ಹಾರೆ, ಪಿಕ್ಕಾಸು, ಬುಟ್ಟಿಗಳಿಂದ ಮಾಡಬೇಕಾದ ಕಾಲದಲ್ಲಿ 10,000 ಘನ ಅಡಿ ಮಣ್ಣನ್ನು ಸುಮ್ಮನೆ ಅಗೆಯಲು ಯಾರೂ ಮುಂದಾಗುತ್ತಿರಲಿಲ್ಲ. ಹಳೆಯ ಮನೆಗಳಲ್ಲಿ ಅಂಗಳದಿಂದ ಜಗಲಿಗೆ, ಜಗಲಿಯಿಂದ ಒಳಕ್ಕೆ, ಹಿಂಬದಿಯಲ್ಲಿ ಹಟ್ಟಿಗೆ ಮೆಟ್ಟಲುಗಳಿರುವುದರ ಒಂದು ಕಾರಣ ಈ ಲೆಕ್ಕದಲ್ಲಿದೆ. ಮನೆ ಗುಡ್ಡದೊಡನೆ ಹತ್ತುತ್ತಿತ್ತು, ಇಳಿಯುತ್ತಿತ್ತು. ಕೂಲಿಯ ದುಬಾರಿಯೂ ಮೈಯ ದಣಿವೂ ಸೇರಿ ಗುಡ್ಡವನ್ನು ಕಾಪಾಡಿದವು.

ಸೆಂಟ್ಸಿನ ಲೆಕ್ಕ ಬಂದಾಗ

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯ ಕಾಲವೆಲ್ಲ ಒಳ್ಳೆಯದೆಂಬ ಸುಳ್ಳು ಚಿತ್ರ ಮೂಡೀತು. ಆ ತಟ್ಟುಗಳನ್ನು ಕಡಿದವರು, ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತ ಹೆಂಗಸರು, ಸಂಜೆ ಮರಳುತ್ತಿದ್ದುದು ಪಂಚಾಂಗವೇ ಇಲ್ಲದ ಹುಲ್ಲಿನ ಗುಡಿಸಲಿಗೆ. ದಕ್ಷಿಣ ಕನ್ನಡದ ಭಾಗವಾಗಿದ್ದ ಈ ಸೀಮೆಯಲ್ಲಿ ಚಾಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಸ್ಥಿರವಾದ ಹಕ್ಕಿರಲಿಲ್ಲ. ಧಣಿ ಎಬ್ಬಿಸಿದಾಗ ಏಳಬೇಕಾದ ನೆಲದಲ್ಲಿ ಆಳವಾದ ಪಂಚಾಂಗ ಹಾಕುವ ಧೈರ್ಯ ಯಾರಿಗಿದ್ದೀತು? ನಿವೇಶನವನ್ನು ಹದಗೊಳಿಸುವ ಜ್ಞಾನ ಒಬ್ಬರಲ್ಲಿ, ನಿವೇಶನ ಇನ್ನೊಬ್ಬರಲ್ಲಿ ಎಂಬಂತಿತ್ತು ಆಗಿನ ಸ್ಥಿತಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂದಾಗ ಒಕ್ಕಲಿಗೆ ಭೂಮಿ ದೊರೆಯಿತು. ಇತರರ ಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಗಾರನಿಗೆ ಪಂಚಾಯತಿನಲ್ಲಿ 10 ಸೆಂಟ್ಸ್, ಪಟ್ಟಣದಲ್ಲಿ 5 ಸೆಂಟ್ಸ್, ನಗರದಲ್ಲಿ 3 ಸೆಂಟ್ಸ್ ನಿವೇಶನದ ಹಕ್ಕು ಬಂದಿತು. 1972ರಲ್ಲಿ ಬಡವರಿಗಾಗಿ ಲಕ್ಷ ಮನೆಗಳ ಯೋಜನೆ ಆರಂಭವಾಯಿತು. ಅದೇ ದಶಕದಲ್ಲಿ ಕೊಲ್ಲಿ ನಾಡುಗಳ ದುಡಿಮೆ ಮನೆಗಳಾಗಿ ಮೇಲೇಳತೊಡಗಿತು. ಮನೆಯೆಂಬುದು ಎಲ್ಲರ ಕೈಗೆಟುಕಿದ್ದು ಈ ಸೀಮೆಯ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಆದರೆ ನೆಲದ ಲೆಕ್ಕ ಅಲ್ಲಿಗೆ ಬದಲಾಯಿತು. 10 ಸೆಂಟ್ಸ್ ಚೌಕವಾಗಿದ್ದರೆ ಒಂದೊಂದು ಬದಿ 66 ಅಡಿ. ಅದನ್ನು ಇಬ್ಬರು ಮಕ್ಕಳಿಗೆ ಪಾಲು ಮಾಡಿದರೆ 5 ಸೆಂಟ್ಸ್. ಒಂದು ಬದಿ 33 ಅಡಿ. ಹತ್ತು ಅಡಿಯ ಬರೆಯನ್ನು ಓರೆಯಾಗಿ ಇಳಿಸಬೇಕಾದರೆ ಅದಕ್ಕೇ ಹತ್ತು ಅಡಿ ಅಗಲದ ನೆಲ ಬೇಕು. 33 ಅಡಿಯಲ್ಲಿ ಹತ್ತನ್ನು ಬರೆಗೆ ಬಿಟ್ಟುಕೊಡಲು ಯಾರಿಗೆ ಮನಸ್ಸಾದೀತು? ಬರೆ ಗಡಿಕಲ್ಲಿನ ನೇರಕ್ಕೆ ನೆಟ್ಟಗೆ ನಿಂತಿತು. ಅದರ ನೆತ್ತಿಯಲ್ಲಿ ಇನ್ನೊಬ್ಬರ ಮನೆ, ಬುಡದಲ್ಲಿ ಇವರ ಅಡುಗೆಕೋಣೆ. ಎರಡರ ನಡುವಣ ಕಣಿಗೆ ಜಾಗವಿಲ್ಲದಾಯಿತು. ಇಲ್ಲಿ ಯಾರೊಬ್ಬರ ಮೂರ್ಖತನವೂ ಇಲ್ಲ. ಸಣ್ಣ ನಿವೇಶನದ ಅನಿವಾರ್ಯತೆಯಿದೆ.

ಈ ಅನಿವಾರ್ಯತೆಯ ಜೊತೆಗೆ ಯಂತ್ರ ಬಂದು ಸೇರಿತು. ಹರಿಯಾಣದ ಬಲ್ಲಭಗಢದಲ್ಲಿ ಜೆಸಿಬಿ ಯಂತ್ರಗಳ ತಯಾರಿ ಆರಂಭವಾದುದು 1979ರಲ್ಲಿ. ಒಬ್ಬ ಇಂಗ್ಲಿಷ್ ಉದ್ಯಮಿಯ ಹೆಸರಿನ ಮೂರು ಮೊದಲಕ್ಷರಗಳು ಇಂದು ನಮ್ಮ ಹಳ್ಳಿಗಳ ದಿನನಿತ್ಯದ ಮಾತಾಗಿವೆ. ಪಟ್ಟಿಯ ಮೇಲೆ ಚಲಿಸುವ ದೊಡ್ಡ ಯಂತ್ರ ಯಾವ ಕಂಪೆನಿಯದಾದರೂ ಜನರ ಬಾಯಲ್ಲಿ 'ಹಿಟಾಚಿ'. ಯಂತ್ರ ಮನುಷ್ಯರನ್ನು ಮೈಮುರಿಯುವ ದುಡಿಮೆಯಿಂದ ಬಿಡಿಸಿದ್ದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಿಂಗಳುಗಟ್ಟಲೆ ನಡೆಯುತ್ತಿದ್ದ ಕೆಲಸವನ್ನು ಅದು ಗಂಟೆಗಳಿಗೆ ಇಳಿಸಿತು. ಬಾಡಿಗೆ ಗಂಟೆಯ ಲೆಕ್ಕದಲ್ಲಿರುವುದರಿಂದ ನಡುವೆ ನಿಲ್ಲಿಸಿ ಮಣ್ಣನ್ನು ನೋಡುವ ವ್ಯವಧಾನ ಯಜಮಾನನಿಗೂ ಇಲ್ಲ, ಚಾಲಕನಿಗೂ ಇಲ್ಲ. ಪಾರೆ ಮುಗಿದು ಶೇಡಿ ಕಂಡದ್ದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಎಂಟು ಪಟ್ಟು ಹೆಚ್ಚು ಮಣ್ಣು ತೆಗೆಯಲು ಹಿಂದೆ ಇದ್ದ ಅಡ್ಡಿ ಈಗಿಲ್ಲ; ಅಡ್ಡಿಯೊಡನೆ ಎಚ್ಚರವೂ ಹೊರಟುಹೋಯಿತು.

ತೆಗೆದ ಮಣ್ಣು ಎಲ್ಲಿಗೆ ಹೋಗಬೇಕು? ಅದು ಬಹುಮಟ್ಟಿಗೆ ಬೈಲಿಗೆ ಹೋಯಿತು. ಗುಡ್ಡದ ಮೇಲೆ ಒಂದು ನಿವೇಶನ, ಅದೇ ಮಣ್ಣಿನಿಂದ ಗದ್ದೆಯಲ್ಲಿ ಇನ್ನೊಂದು. 1970ರ ದಶಕದಲ್ಲಿ ಕೇರಳದಲ್ಲಿ 8 ಲಕ್ಷ ಹೆಕ್ಟೇರಿಗೂ ಮಿಕ್ಕಿದ್ದ ಭತ್ತದ ಬೆಳೆ ಇಂದು ಸುಮಾರು 2 ಲಕ್ಷ ಹೆಕ್ಟೇರಿಗೆ ಇಳಿದಿದೆ. ಬೇರೆ ಬೆಳೆಗಳಿಗೆ ಹೋದದ್ದೂ ಇದರಲ್ಲಿ ಸೇರಿದೆ. ಆದರೆ ಮಣ್ಣು ತುಂಬಿಸಿಕೊಂಡ ಗದ್ದೆಗಳೂ ಕಡಿಮೆಯಿಲ್ಲ. ಇದನ್ನು ತಡೆಯಲು 2008ರಲ್ಲಿ ಗದ್ದೆ ಮತ್ತು ಜೌಗುನೆಲ ಸಂರಕ್ಷಣಾ ಕಾಯಿದೆ ಬಂದಿತು. ಬೇರೆ ನೆಲವಿಲ್ಲದ ಗದ್ದೆಯ ಒಡೆಯನಿಗೆ ಸ್ವಂತ ಮನೆಗಾಗಿ ಅದು ನೀಡಿದ ವಿನಾಯಿತಿಯಲ್ಲಿಯೂ ಪಂಚಾಯತಿಗೆ 10 ಸೆಂಟ್ಸ್, ಪಟ್ಟಣಕ್ಕೆ 5 ಸೆಂಟ್ಸ್ ಎಂಬ ಮಿತಿಯೇ ಕಾಣುತ್ತದೆ. ಬೈಲು ತುಂಬಿದಾಗ ಕೆಡುವುದು ಬೈಲೊಂದೇ ಅಲ್ಲ. ಗುಡ್ಡದ ನೀರು ಇಳಿದು ನಿಲ್ಲಲು ಇದ್ದ ತಾಣವೇ ಇಲ್ಲವಾಗಿ, ನೀರು ಮನೆಗಳ ನಡುವೆ ದಾರಿ ಹುಡುಕುತ್ತದೆ.

ಮಾತಿನಲ್ಲಿ ಉಳಿದ ನೆಲ

ಕನ್ನಡ ಸಂಘದ ಸಂಚಿಕೆಯಲ್ಲಿ ಮಣ್ಣಿನ ಕೆಲಸದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಈ ಲೇಖನದಲ್ಲಿ ಬಂದ ಪದಗಳನ್ನು ಒಮ್ಮೆ ಗಮನಿಸಿರಿ: ಪದವು, ಬೈಲು, ಪಾರೆ, ಮುರ, ಶೇಡಿ, ಬರೆ, ತಟ್ಟು, ಕಣಿ, ಕುತ್ತಿ, ಪಂಚಾಂಗ. ತುಳು, ಕನ್ನಡ, ಮಲಯಾಳಗಳು ಒಂದರೊಳಗೊಂದು ಬೆರೆತ ಈ ಗಡಿನಾಡಿನ ನುಡಿಯಲ್ಲಿ ನೆಲದ ಪ್ರತಿಯೊಂದು ಗುಣಕ್ಕೂ ಹೆಸರಿದೆ. ಊರ ಹೆಸರುಗಳಲ್ಲಿಯೂ ಅದೇ ಜ್ಞಾನ ಅಡಗಿದೆ. ಬದಿಯಡ್ಕ, ಕಾರಡ್ಕಗಳಲ್ಲಿರುವ ಅಡ್ಕ ಮೇಲುನೆಲದ ಬಯಲನ್ನು ಹೇಳುತ್ತದೆ. ನೀರ್ಚಾಲು ಎಂಬ ಹೆಸರು ನೀರು ಹರಿಯುವ ದಾರಿಯನ್ನು ನೆನಪಿಸುತ್ತದೆ. ಚಾಲು, ಗುಳಿ, ಬೈಲು ಎಂಬ ಬಾಲವುಳ್ಳ ಜಾಗದಲ್ಲಿ ಮನೆ ಕಟ್ಟುವವನು ಆ ಹೆಸರಿನ ಅರ್ಥ ತಿಳಿದಿದ್ದರೆ ನೀರಿಗೆ ದಾರಿ ಬಿಟ್ಟು ಕಟ್ಟಿಯಾನು. ಹೊಸ ಬಡಾವಣೆಗಳಿಗೆ 'ಗಾರ್ಡನ್' ಎಂದೋ 'ವ್ಯೂ' ಎಂದೋ ಹೆಸರಿಟ್ಟಾಗ ಆ ಎಚ್ಚರಿಕೆಯ ಫಲಕವನ್ನೇ ಕಿತ್ತಂತಾಗುತ್ತದೆ. ಕಟ್ಟಡದ ಪರವಾನಗಿಯ ಕಾಗದಗಳಲ್ಲಿ ಸರ್ವೆ ನಂಬರಿದೆ, ಸೆಂಟ್ಸಿನ ಲೆಕ್ಕವಿದೆ. ಶೇಡಿ ಎಲ್ಲಿಂದ ಆರಂಭವೆಂಬುದಕ್ಕೆ ಅಲ್ಲಿ ಪದವೇ ಇಲ್ಲ.

ಯಂತ್ರವನ್ನು ಹಿಂದಕ್ಕೆ ಕಳುಹಿಸಲು ಸಾಧ್ಯವಿಲ್ಲ, ಕಳುಹಿಸಬೇಕಾಗಿಯೂ ಇಲ್ಲ. ಯಂತ್ರಕ್ಕೆ ಹಳೆಯ ಪ್ರಶ್ನೆಗಳನ್ನು ಜೋಡಿಸಿದರೆ ಸಾಕು. ಮನೆ ಕಟ್ಟಲಿರುವವರು ನೆಲ ಕಡಿಯುವ ಮೊದಲು ನೆರೆಯ ಬಾವಿಯಲ್ಲಿ ಪದರಗಳು ಹೇಗಿವೆಯೆಂದು ನೋಡಲಿ. ಆ ಗುಡ್ಡದೊಳಗೆ ಹಳೆಯ ಸುರಂಗವಿದೆಯೇ ಎಂದು ಹಿರಿಯರನ್ನು ಕೇಳಲಿ. ಒಂದು ಮಳೆಗಾಲದಲ್ಲಾದರೂ ಜಾಗವನ್ನು ಹೋಗಿ ನೋಡಿ, ನೀರಿನ ದಾರಿಯನ್ನು ಗುರುತಿಸಲಿ. ಒಂದೇ ಎತ್ತರದ ಬರೆಗೆ ಬದಲು ಎರಡು ತಟ್ಟು ಸಾಧ್ಯವೇ ಎಂದು ಎಂಜಿನಿಯರರೊಡನೆ ಚರ್ಚಿಸಲಿ. ಒಂದೂವರೆ ಮೀಟರಿಗಿಂತ ಆಳವಾಗಿ ಅಗೆದ ಚರಂಡಿಯ ಬದಿಗಳಿಗೆ ಆಸರೆ ಕೊಡಬೇಕೆಂದು ಭಾರತೀಯ ಮಾನಕದ ಸುರಕ್ಷತಾ ಸಂಹಿತೆ ಹೇಳುತ್ತದೆ. ಪಂಚಾಂಗದ ಗುಂಡಿಗೆ ಇಳಿಯುವ ಕೆಲಸಗಾರ, ಇಂದು ಬಹುಪಾಲು ದೂರದ ರಾಜ್ಯಗಳಿಂದ ಬಂದ ತರುಣ, ಆ ರಕ್ಷಣೆಗೆ ಬಾಧ್ಯಸ್ಥನೆಂಬುದನ್ನು ಮರೆಯದಿರಲಿ.

ಸಂಘಗಳು ಮಾಡಬಹುದಾದ ಒಂದು ಕೆಲಸವೂ ಇದೆ. ಸುರಂಗ ಕೊರೆದವರು, ಬಾವಿ ತೋಡಿದವರು, ಕಲ್ಲು ಕಡಿದವರು, ಮಣ್ಣು ಹೊತ್ತವರು ನಮ್ಮ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಹೆಚ್ಚಿನವರು ನನ್ನ ವಯಸ್ಸಿನವರು, ಇಲ್ಲವೆ ನನಗಿಂತ ಹಿರಿಯರು. ಶಾಲೆಯ ಮಕ್ಕಳು ಒಂದು ರಜೆಯಲ್ಲಿ ಅವರ ಬಳಿ ಕುಳಿತು, ನೆಲದ ಬಗ್ಗೆ ಅವರು ಬಳಸುವ ಮಾತುಗಳನ್ನೂ ಅವುಗಳ ಅರ್ಥವನ್ನೂ ಬರೆದುಕೊಂಡರೆ ಒಂದೊಂದು ಪಂಚಾಯತಿಗೆ ಒಂದೊಂದು ಸಣ್ಣ ಪದಕೋಶವಾದೀತು. ಅದು ಭಾಷೆಯ ಕೆಲಸವೂ ಹೌದು, ಮುಂದಿನ ಮಳೆಗಾಲಕ್ಕೆ ಮನೆಗಳನ್ನು ಕಾಯುವ ಕೆಲಸವೂ ಹೌದು. ಈ ಸಮ್ಮೇಳನದ ಗೊತ್ತುವಳಿಗಳ ಸಾಲಿನಲ್ಲಿ ಇದೂ ಒಂದಾಗಿ ಸೇರಲೆಂದು ಸೂಚಿಸುತ್ತೇನೆ.